ಚುರುಮುರಿ ಭಟ್ಟಿಯೊಳಗಿನ ಆಲ್ಬಮ್

ಆ ಸಂಜೆ ನಮ್ಮ ಹಿತ್ತಲಿನ ಹಳೆಯ ಚುರುಮುರಿ ಭಟ್ಟಿಯಲ್ಲಿ ಕೇಳುವವರು ನಾಲ್ವರು, ಕೇಳಿಸುವವರು ಮೂವರು ಕೂತಿದ್ದೆವು. ಕೇಳುವವರೆಂದರೆ ನಾನು, ನಮ್ಮ ಮನೆಯವರು, ತಿಳವಳ್ಳಿಯಿಂದ ಬಂದಿದ್ದ ನಮ್ಮಕ್ಕ, ಮತ್ತು ಟ್ರ್ಯಾಕ್ಟರನ್ನು ಓಣಿಯಲ್ಲಿ ನಿಲ್ಲಿಸಿ ಗಿರಮಿಟ್ಟಿನ ವಾಸನೆ ಹಿಡಿದು ಒಳಗೆ ಬಂದಿದ್ದ ನನ್ನ ಮೈದುನ. ಕೇಳಿಸುವವರು ಒಂದು ರಾಕ್ ಬ್ಯಾಂಡಿನವರು. ಹೌದು, ಹಾನಗಲ್ಲಿನಲ್ಲಿಯೇ. ನಮ್ಮ ಓಣಿಯವರೂ ಮೊದಮೊದಲು ಹೀಗೇ ಎರಡೆರಡು ಸಲ ಕೇಳಿದರು. ಆಮೇಲೆ ಅವರಿಗೆ ಕೇಳುವ ಅಗತ್ಯ ಬೀಳಲಿಲ್ಲ, ಗೋಡೆಯಾಚೆಗೂ ಕೇಳಿಸುತ್ತಿತ್ತು.

ಬ್ಯಾಂಡಿಗೊಂದು ಹೆಸರಿತ್ತು. ಅದನ್ನು ಅವರು ಪದೇ ಪದೇ ಬದಲಾಯಿಸುತ್ತಿದ್ದುದರಿಂದ ನಾನು ನೆನಪಿಟ್ಟುಕೊಳ್ಳುವ ಉಸಾಬರಿಗೆ ಹೋಗಲಿಲ್ಲ. ಮನೆಯಲ್ಲಿ ನಾವು ಅವರನ್ನು ಊರಿನ ಮೇಲೆಯೇ ಗುರುತಿಸುತ್ತಿದ್ದೆವು. ಗಿಟಾರಿನವನು ನಮ್ಮಕ್ಕನ ಮಗ, ತಿಳವಳ್ಳಿಯವನು. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ಡ್ರಮ್ಮಿನವನು ದುಂಡಸಿಯ ಕಡೆಯ ರೈತರ ಹುಡುಗ. ಹೊಲದ ಕೆಲಸ ಇಲ್ಲದಾಗ ಮದುವೆಗಳಲ್ಲಿ ಬ್ಯಾಂಡ್ ಸೆಟ್ಟಿನೊಂದಿಗೆ ಬಾರಿಸುತ್ತಿದ್ದವನು. ಮಾತು ಕಡಿಮೆ; ಬಾಯಿಯ ಕೆಲಸವನ್ನೆಲ್ಲ ಅವನು ಊಟಕ್ಕೆ ಮೀಸಲಿಟ್ಟಿದ್ದ. ಮೂರನೆಯವಳು ಸವಣೂರಿನವಳು. ಅಲ್ಲಿಯ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸ. ಪ್ರತಿ ಭಾನುವಾರ ನಡುವೆ ಬಸ್ಸು ಬದಲಾಯಿಸಿಕೊಂಡು, ತನಗಿಂತ ಎತ್ತರದ ಬೇಸ್ ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದಳು. ಕಂಡಕ್ಟರರು ಅದಕ್ಕೆ ಲಗೇಜು ಟಿಕೆಟ್ ಕೊಡಬೇಕೋ ಅರ್ಧ ಟಿಕೆಟ್ ಕೊಡಬೇಕೋ ಅಂತ ಪ್ರತಿ ಸಲವೂ ವಿಚಾರ ಮಾಡುತ್ತಿದ್ದರಂತೆ. ಹಾಡುವವಳೂ ಅವಳೇ. ನಮ್ಮಕ್ಕನ ಮಗ ನನ್ನನ್ನು ಚಿಗವ್ವ ಅನ್ನುವುದನ್ನು ಕೇಳಿ ಅವಳೂ ಚಿಗವ್ವ ಅನ್ನತೊಡಗಿದ್ದಳು.

ಭಟ್ಟಿಯನ್ನು ಅವರಿಗೆ ಕೊಟ್ಟವಳು ನಾನೇ. ನಮ್ಮ ಅತ್ತೆಯವರ ಕಾಲಕ್ಕೆ ಅಲ್ಲಿ ಬೆಳಗಿನಿಂದ ಬೆಂಕಿ ಆರುತ್ತಿರಲಿಲ್ಲ. ಮಷೀನಿನ ಚುರುಮುರಿ ಚೀಲಗಟ್ಟಲೆ ಬರಲು ಶುರುವಾದ ಮೇಲೆ ಒಲೆ ಆರಿತು, ಮನೆ ಮಾತ್ರ ಉಳಿಯಿತು. ಮೊಳ ದಪ್ಪದ ಮಣ್ಣಿನ ಗೋಡೆ, ಒಂದೇ ಬಾಗಿಲು, ಮಸಿ ಹಿಡಿದ ಜಂತಿ. ಅಕ್ಕನ ಮಗ ಬಂದು ಭಟ್ಟಿಯ ನಟ್ಟನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. "ಚಿಗವ್ವ, ಇದರಾಗ ದನಿ ಹೊಳ್ಳಿ ಬರಂಗಿಲ್ಲ. ದೊಡ್ಡ ಊರಾಗ ಇಂಥಾ ಖೋಲಿಗೆ ತಾಸಿಗೆ ಇಷ್ಟು ಅಂತ ಬಾಡಿಗಿ ತಗೋತಾರ," ಅಂದ. "ಹಂಗಾರ ನೀನೂ ಕೊಡು," ಅಂದೆ. ಅವನಿಗೆ ಕೂಡಲೇ ಅಂಗಡಿಯ ನೆನಪಾಗಿ ಹೋಗಿಬಿಟ್ಟ. ಮರುದಿನ ನಮ್ಮ ಅಟ್ಟದ ಗೋಣಿಚೀಲಗಳೆಲ್ಲ ಭಟ್ಟಿಯ ಗೋಡೆಗೆ ಏರಿದವು. ನಮ್ಮ ಮನೆಯವರ ಹಳೆಯ ಧೋತರವೊಂದು ಮಡಿಚಿಕೊಂಡು ದೊಡ್ಡ ಡ್ರಮ್ಮಿನ ಹೊಟ್ಟೆ ಸೇರಿತು. ಅದನ್ನು ಅವರು ಒಂದು ವಾರ ಹುಡುಕಿದರು. ನಾನೂ ಅವರ ಜೊತೆ ಹುಡುಕಿದೆ.

ಆಲ್ಬಮ್ ಮಾಡುತ್ತೇವೆ ಅಂದಾಗ ನಾನು ಫೋಟೊ ಹಚ್ಚುವ ಆಲ್ಬಮ್ ಇರಬೇಕು ಅಂದುಕೊಳ್ಳುವಷ್ಟು ಹಿಂದಿನವಳಲ್ಲ. ಆದರೂ ಎಂಥ ಹಾಡುಗಳಪ್ಪಾ ಅಂತ ಕೇಳಿದ್ದೆ. ಅಕ್ಕನ ಮಗ ಗಂಭೀರವಾಗಿ ಹೇಳಿದ್ದ: "ನಮ್ಮ ಹಾಡಿನಾಗ ಸಪ್ಪಳನೂ ಇರಬೇಕು ಚಿಗವ್ವ, ಸೊಲ್ಲೂ ಇರಬೇಕು. ಕೇಳಿದವ್ರು ಮೊದಲ ಬೆಚ್ಚಬೇಕು, ಆಮ್ಯಾಲ ಗುನುಗಬೇಕು."

"ಬೆಚ್ಚಿದವ್ರು ಎದ್ದ ಓಡಿಹೋದ್ರ ಗುನುಗೋರು ಯಾರೋ?"

"ಅದಾ ನೋಡು, ಆ ಲೆಕ್ಕಾನ ಸರಿ ಹಚ್ಚಾಕತ್ತೇವಿ," ಅಂದ.

ಮಳೆಗಾಲ ಪೂರ್ತಿ ಆ ಲೆಕ್ಕ ನಡೆಯಿತು. ಆ ಸಂಜೆ ರೆಕಾರ್ಡ್ ಮಾಡಿದ್ದೆಲ್ಲವನ್ನೂ ಒಂದೇ ಸಲಕ್ಕೆ ನಮಗೆ ಕೇಳಿಸುವುದೆಂದು ನಿಶ್ಚಯವಾಗಿತ್ತು. ನಾನು ಒಂದು ಬುಟ್ಟಿ ಚುರುಮುರಿ ತಂದು ಗಿರಮಿಟ್ಟು ಕಲಸಿದೆ. ಕೇಳುವವರ ಬಾಯಿ ತುಂಬಿದ್ದರೆ ಬೈಗುಳ ಕಡಿಮೆ ಬೀಳುತ್ತವೆ ಅನ್ನುವುದು ನನ್ನ ಲೆಕ್ಕ.

ಮೊದಲ ಹಾಡು ಶುರುವಾಯಿತು. ಗಿಟಾರನ್ನು ಸ್ಪೀಕರ್ ಪೆಟ್ಟಿಗೆಯ ಎದುರು ಹಿಡಿದರೆ ಅದು ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಚೀರುತ್ತದೆ. ಆ ಚೀರುವಿಕೆಯನ್ನೇ ಹುಡುಗ ಹಿಡಿದು, ಬಗ್ಗಿಸಿ, ಎಳೆದು ನೂಲು ಮಾಡಿದ್ದ. ನಮ್ಮ ಮನೆಯವರು ಗಿರಮಿಟ್ಟಿನ ತಾಟು ಕೆಳಗಿಟ್ಟು ಲಗುಬಗೆಯಿಂದ ಹೊರಗೆ ಹೋದರು. ಸಿಟ್ಟಾದರೇನೋ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮರಳಿ ಬಂದು ಸಮಾಧಾನದಿಂದ ಕೂತರು.

"ಏನಾತ್ರಿ?"

"ಏನಿಲ್ಲ. ಬೋರಿನ ಮೋಟರ್ ಸುಡಾಕತ್ತೇತಿ ಅಂತ ನೋಡಾಕ ಹೋಗಿದ್ದೆ. ಬಂದ್ ಐತಿ."

ಮೈದುನ ನಕ್ಕು ನಕ್ಕು ಕೆಮ್ಮಿದ. "ಅಣ್ಣಾ, ನಿನಗ ಹಾಡ ಯಾವ್ದು ಮೋಟರ್ ಯಾವ್ದು ತಿಳಿವಲ್ದಲ್ಲ. ಕಿವಿ ತೋರಿಸ್ಕೊಂಡ ಬಾ ಹೋಗು." ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಮ್ಮ ಮನೆಯವರಂತೂ ನೆನಪಿಟ್ಟುಕೊಂಡರು.

ನಮ್ಮಕ್ಕ ಮಾತ್ರ ತಾಯಿ. ಮೂರು ಹಾಡು ಮುಗಿಯುವ ತನಕ ತಲೆಯಾಡಿಸುತ್ತ ಕೂತಿದ್ದು, ಆಮೇಲೆ ಮಗನ ಕಡೆ ಅಕ್ಕರೆಯಿಂದ ನೋಡಿ, "ಛಲೋ ಐತಿ ತಗೋ. ಹಾಡು ಯಾವಾಗ ಚಾಲೂ ಆಕ್ಕಾವು?" ಅಂತ ಕೇಳಿದಳು.

ಆದರೆ ನಾನು ನಿಜ ಹೇಳಬೇಕು. ಅದರಲ್ಲಿ ಏನೋ ಇತ್ತು. ದುಂಡಸಿಯವನ ಡ್ರಮ್ಮು ಮದುವೆಯ ಮೆರವಣಿಗೆಯ ಹಾಗೆ ಕಾಲನ್ನು ಎಳೆಯುತ್ತಿತ್ತು. ಸಪ್ಪಳ ಏರಿ ಏರಿ, ಇನ್ನು ಸಾಕಪ್ಪ ಅನ್ನುವಷ್ಟರಲ್ಲಿ ಒಂದು ಸಣ್ಣ ರಾಗ ತಲೆ ಹಾಕಿ, ನಾನೂ ಇದ್ದೇನೆ ಅಂತ ಹೇಳಿ ಹೋಗುತ್ತಿತ್ತು. ಕೊನೆಗೆ ಬಂದದ್ದು ಸವಣೂರಿನವಳು ತಾನೇ ಕಟ್ಟಿದ ಹಾಡು. ಭಾನುವಾರದ ಬಸ್ಸಿನಲ್ಲಿ ಹುಟ್ಟಿದ್ದು. ಅದರ ಸೊಲ್ಲನ್ನು ಅವಳು ಅಡುಗೆಮನೆಯಲ್ಲಿ ನನಗೆ ಬರಿ ಬಾಯಲ್ಲಿ ಹೇಳಿ ತೋರಿಸಿದ್ದಳು:

ಕಿಟಕಿ ಸೀಟು ನನಗಿರ್ಲಿ,
ಗಾಳಿ ಅರ್ಧಾ ನಿನಗಿರ್ಲಿ.

ಅವತ್ತು ಪೆಟ್ಟಿಗೆಯಿಂದ ಬಂದದ್ದರಲ್ಲಿ ಸೀಟೂ ಕೇಳಿಸಲಿಲ್ಲ, ಗಾಳಿಯೂ ಕೇಳಿಸಲಿಲ್ಲ. ಗಿಟಾರು ಮೇಲೆ ಕೂತಿತ್ತು. ಹುಡುಗಿಯ ದನಿ ಅದರ ಅಡಿಯಲ್ಲಿ, ತುಂಬಿದ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತವಳ ಹಾಗೆ, ಎಲ್ಲೋ ಒತ್ತಿಕೊಂಡಿತ್ತು. ಹಾಡು ಮುಗಿದಾಗ ಅವಳು ತಾಟನ್ನು ಪಕ್ಕಕ್ಕೆ ಸರಿಸಿದಳು.

"ಇದರಾಗ ನಾ ಎಲ್ಲದೇನಿ?"

"ಅದೀ ಅಲ್ಲ, ಒಳಗ," ಅಂದ ಅಕ್ಕನ ಮಗ. "ದನಿ ಸಪ್ಪಳದಾಗ ಕರಗಬೇಕು. ಅದಾ ಚಂದ."

"ಕರಗಾಕ ನಾ ಏನ ಬೆಲ್ಲೇನು?"

ಆಮೇಲೆ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. ಅವಳ ಅವ್ವ ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಮಾರುವವರು. ಹಿಂದೊಮ್ಮೆ ಮಗಳು ಮೊಬೈಲಿನಲ್ಲಿ ಬ್ಯಾಂಡಿನ ಒಂದು ಹಾಡು ಕೇಳಿಸಿದಾಗ ಅವರು ಎಲೆ ಒರೆಸುವುದನ್ನು ಬಿಟ್ಟು ಪೂರ್ತಿ ಕೇಳಿ, "ಛಲೋ ಐತಿ. ನೀ ಯಾವಾಕಿ ಇದರಾಗ?" ಅಂದಿದ್ದರಂತೆ. ಬಯ್ದಿರಲಿಲ್ಲ, ಬೇಡ ಅಂದಿರಲಿಲ್ಲ. ಸಂತೆಯಲ್ಲಿ ಪಕ್ಕದವರು ಮಗಳು ಭಾನುವಾರ ಎಲ್ಲಿ ಹೋಗತಾಳ ಅಂತ ಕೇಳಿದರೆ, "ಹಾನಗಲ್ಲಿಗೆ," ಅಂತಿದ್ದರಂತೆ. ಏನು ಮಾಡಲಿಕ್ಕೆ ಅಂತ ಕೇಳಿದರೆ ಎಲೆಯ ಮೇಲೆ ನೀರು ಚಿಮುಕಿಸುತ್ತಿದ್ದರಂತೆ.

"ಈ ಹಾಡಿನಾಗ ನಮ್ಮವ್ವಗ ನನ್ನ ದನಿ ಗುರ್ತು ಸಿಗಬೇಕು," ಅಂದಳು. "ಸಿಗಲಿಲ್ಲಂದ್ರ ಈ ಹಾಡು ನಾ ಕೊಡಂಗಿಲ್ಲ. ನಿಮ್ಮ ಆಲ್ಬಮ್ಮಿಗೆ ಬ್ಯಾರೆ ಯಾವ್ದರ ಹಚ್ಕೊಳ್ರಿ."

ಬೇರೆ ಯಾವುದೂ ಇರಲಿಲ್ಲ. ಇದ್ದವುಗಳಲ್ಲಿ ಜನ ಗುನುಗಬಹುದಾದದ್ದು ಅದೊಂದೇ, ಇದು ನಾಲ್ವರು ಕೇಳುವವರಿಗೂ ಗೊತ್ತಿತ್ತು. ಗಿಟಾರಿನವನಿಗೂ ಗೊತ್ತಿತ್ತು. ಅದಕ್ಕೇ ಅವನು ಜಂತಿ ನೋಡತೊಡಗಿದ.

ನಾನು ನಡುವೆ ಬಾಯಿ ಹಾಕಿದೆ. ಭಟ್ಟಿಯಲ್ಲಿ ಕೂತಾಗ ನಮ್ಮ ಅತ್ತೆಯವರ ಮಾತು ತಾನಾಗಿಯೇ ಬರುತ್ತದೆ. "ನೋಡಪಾ, ಚುರುಮುರಿ ಅರಳಬೇಕಂದ್ರ ಕಾದ ಮರಳ ಬೇಕ ಬೇಕು. ಮರಳಿಲ್ಲಂದ್ರ ಅಕ್ಕಿ ಅಕ್ಕೀನ. ಆದ್ರ ಅರಳಿದ ಮ್ಯಾಲ ಜರಡಿ ಹಿಡೀಬೇಕು. ಮರಳ್ನ ಯಾರೂ ತಿನ್ನಂಗಿಲ್ಲ."

ಇದಕ್ಕೆ ಅವನು ಬಾಯಿ ಮುಚ್ಚುತ್ತಾನೆ ಅಂದುಕೊಂಡಿದ್ದೆ. ಆದರೆ ಅವನೂ ಇದೇ ಮನೆಯಲ್ಲಿ ಉಂಡು ಬೆಳೆದ ಹುಡುಗ.

"ಖರೇ ಚಿಗವ್ವ. ಆದ್ರ ಮಷೀನಿನ ಚುರುಮುರಿ ಬಂದಾಗ ನೀನಾ ಏನಂದಿ? ಹಲ್ಲಿಗೆ ಒಂದ ಕಾಳ ಮರಳ ಸಿಗವಲ್ದು, ರುಚೀನ ಇಲ್ಲ ಅಂದಿದ್ದಿ."

ಅಂದಿದ್ದೆ. ನಮ್ಮ ಮನೆಯವರು ಬಹಳ ಖುಷಿಯಿಂದ ನನ್ನ ಕಡೆ ನೋಡಿದರು. ಹುಡುಗಿ ಮಾತ್ರ ನಗಲಿಲ್ಲ. ಬೇಸ್ ಗಿಟಾರನ್ನು ಚೀಲಕ್ಕೆ ಹಾಕಿ, ಕೊಂಡಿ ಎಳೆದು, "ಬಸ್ಸಿನ ಹೊತ್ತಾತು ಚಿಗವ್ವ, ಬರ್ತೇನಿ," ಅಂತ ಹೊರಟಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ದುಂಡಸಿಯವನು ಮಾತ್ರ ತಪ್ಪದೆ ಬಂದು, ಡ್ರಮ್ಮಿನ ಮುಂದೆ ಕೂತು, ಉಂಡು ಹೋದ. ಗಿಟಾರಿನವನು ಅಂಗಡಿಯಲ್ಲಿ ಕೂತು ಯಾರದೋ ಫೋನಿನ ಬೆನ್ನು ಬಿಚ್ಚಿಟ್ಟುಕೊಂಡು ತನ್ನ ಫೋನನ್ನೇ ನೋಡುತ್ತಿದ್ದ. ನೀನೇ ಮಾಡೋ ಫೋನು ಅಂದರೆ, "ನಾ ಯಾಕ ಮಾಡ್ಲಿ? ಕಲೆ ಅಂದ್ರ ಕಲೆ," ಅನ್ನುತ್ತಿದ್ದ. ಈ ಉತ್ತರಕ್ಕೆ ಏನು ಹೇಳಬೇಕೆಂದು ನಮ್ಮ ಹಿರಿಯರು ನನಗೆ ಕಲಿಸಿರಲಿಲ್ಲ.

ಹಾದಿ ತೆಗೆದವನು ಮೈದುನ. ನಮ್ಮ ಕಡೆಯ ಟ್ರ್ಯಾಕ್ಟರುಗಳನ್ನು ನೀವು ನೋಡಿದ್ದೀರಿ. ಎಂಜಿನ್ನಿಗೆ ಕೊಟ್ಟಷ್ಟೇ ಮರ್ಯಾದೆಯನ್ನು ಅವುಗಳ ಮಾಲಕರು ಹಾಡಿನ ಡೆಕ್ಕಿಗೂ ಕೊಡುತ್ತಾರೆ. ಮೈದುನನ ಟ್ರ್ಯಾಕ್ಟರಿಗೆ ಹಿಂದೆರಡು, ಮೇಲೆರಡು ಸ್ಪೀಕರು. ಅದು ಓಣಿಗೆ ಬರುವ ಮೊದಲೇ ಅದರ ಹಾಡು ಬಂದು ನಮ್ಮ ಅಡುಗೆಮನೆಯ ಡಬ್ಬಿಗಳನ್ನು ಮಾತಾಡಿಸುತ್ತದೆ. ಇಲ್ಲಿ ಒಂದು ಹಾಡು ನಡೆಯುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಹೇರು ಹೊತ್ತ ಟ್ರ್ಯಾಕ್ಟರಿನ ಮೇಲೆಯೇ. ಎಂಜಿನ್ನಿನ ಸಪ್ಪಳದ ಮೇಲೆ ಹಾಡು ಕೇಳಿಸಬೇಕು. ಡ್ರೈವರ್ ಅದನ್ನು ಬದಲಿಸಬಾರದು. ಅಷ್ಟೇ ಪರೀಕ್ಷೆ.

"ಸುಮ್ನ ಯಾಕ ಜಗಳಾ ಮಾಡ್ತೀರಿ ವೈನಿ," ಅಂದ ಮೈದುನ. "ಪೆನ್‌ಡ್ರೈವ್‌ನಾಗ ಹಾಕಿ ಕೊಡಾಕ ಹೇಳ್ರಿ. ಸಂತಿ ದಿನ ತಿಳವಳ್ಳಿಯಿಂದ ಹಿರೇಕೆರೂರಿಗೆ ಗೋವಿನಜೋಳ ಹೇರ್ಕೊಂಡ ಹೊಂಟೇನಿ. ಇಬ್ರೂ ಬರ್ಲಿ. ನಾ ಹಾಡ ಬದ್ಲಿ ಮಾಡಿದ್ರ ಆಕಿ ಗೆದ್ಲು, ಮಾಡಲಿಲ್ಲಂದ್ರ ಇಂವ ಗೆದ್ದ. ನನ್ನ ಕಿವಿ ಏನ ನಮ್ಮ ಅಣ್ಣನ ಕಿವಿ ಅಲ್ಲ."

ಸವಣೂರಿನವಳಿಗೆ ಫೋನು ಮಾಡಿದವಳು ನಾನು. ಅವಳು, "ಚಿಗವ್ವ, ನೀವೂ ಬರ್ತೀರೇನು?" ಅಂದಳು. ನನಗೂ ಹಿರೇಕೆರೂರಿನ ಸಂತೆಯಲ್ಲಿ ಕೆಲಸವಿದೆ ಅಂತ ಹೇಳಿದೆ. ಏನು ಕೆಲಸ ಅನ್ನುವುದನ್ನು ಅಲ್ಲಿ ಹೋದ ಮೇಲೆ ಹುಡುಕಿಕೊಂಡರಾಯಿತು.

ಹೀಗೆ ಈ ವಯಸ್ಸಿನಲ್ಲಿ ನಾನು ತಿಳವಳ್ಳಿಯಲ್ಲಿ ನಮ್ಮಕ್ಕನ ಮನೆಯ ಮುಂದೆ ಟ್ರೇಲರ್ ಹತ್ತಿ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಚೀಲಗಳ ಮೇಲೆ ಕೂತೆ. ಪಕ್ಕದಲ್ಲಿ ಸವಣೂರಿನವಳು, ದುಪಟ್ಟಾವನ್ನು ಕಿವಿಗೆ ಸುತ್ತಿಕೊಂಡು. ಮುಂದೆ ಎಂಜಿನ್ನಿನ ಮಗ್ಗುಲಿಗೆ ನಮ್ಮಕ್ಕನ ಮಗ, ಗೆದ್ದವನ ಹಾಗೆ. ಅಕ್ಕ ಕೆಳಗಿನಿಂದ, "ಬಿದ್ದಗಿದ್ದೀ, ಗಟ್ಟಿ ಹಿಡ್ಕೋ," ಅಂತ ಕೂಗಿದಳು. ಮಗನಿಗಲ್ಲ, ನನಗೆ.

ಮೈದುನ ಊರು ದಾಟುವ ತನಕ ತನ್ನ ಹಾಡುಗಳನ್ನೇ ಹಾಕಿದ. ಊರಿನವರ ಮುಂದೆ ತನ್ನ ಟ್ರ್ಯಾಕ್ಟರಿನ ಮಾನ ಕಾಯಬೇಕಲ್ಲ. ಆಮೇಲೆ ಪೆನ್‌ಡ್ರೈವ್ ಬದಲಿಸಿದ. ಮೊದಲ ಹಾಡಿಗೆ ಅವನ ತಲೆ ಅಲುಗಿತು. ಎರಡನೆಯದಕ್ಕೆ ಹೆಗಲು ಅಲುಗಿತು. ಅಕ್ಕನ ಮಗ ಹಿಂದೆ ತಿರುಗಿ ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ. ಹುಡುಗಿ ಮೆಕ್ಕೆಜೋಳದ ಹೊಲ ನೋಡುತ್ತ ಕೂತಳು. ನಾನು ಅವಳ ಕೈಗೆ ಒಂದು ಮುಷ್ಟಿ ಶೇಂಗಾ ಹಾಕಿದೆ.

ಅವಳ ಹಾಡು ಬಂದದ್ದು ಒಂದು ಏರಿನಲ್ಲಿ. ಶುರುವಿಗೇ ಗಿಟಾರಿನ ಆ ಚೀರು. ಸಣ್ಣಗೆ ಹುಟ್ಟಿ, ಏರಿ, ಕಬ್ಬಿಣ ಕಬ್ಬಿಣಕ್ಕೆ ತಿಕ್ಕಿದಂತೆ. ಮೈದುನನ ತಲೆ ಅಲುಗುವುದು ನಿಂತಿತು. ಬೆನ್ನು ನೆಟ್ಟಗಾಯಿತು. ಅವನು ಗಕ್ಕನೆ ಬ್ರೇಕ್ ಒತ್ತಿ, ಎಂಜಿನ್ ಬಂದ್ ಮಾಡಿ, ಕೆಳಗೆ ಹಾರಿ, ಬಾನೆಟ್ ಎತ್ತಿ ತಲೆಯನ್ನು ಒಳಗೆ ತೂರಿಸಿದ.

ಹಿಂದಿದ್ದ ಸರ್ಕಾರಿ ಬಸ್ಸು ಕಿರ್ರೆಂದು ನಿಂತಿತು. ಅಷ್ಟು ಸಣ್ಣ ರಸ್ತೆಯಲ್ಲಿ ಅದಕ್ಕೆ ಮುಂದೆ ಹೋಗಲು ಜಾಗವಿರಲಿಲ್ಲ. ಕಂಡಕ್ಟರ್ ಇಳಿದು ಬಂದ. ಅವನ ಹಿಂದೆ ನಾಲ್ಕು ಜನ ಇಳಿದರು. ನಮ್ಮ ಸೀಮೆಯಲ್ಲಿ ಬಾನೆಟ್ ತೆರೆದರೆ ಜನ ಕೂಡಲು ಡಂಗುರ ಬೇಕಾಗಿಲ್ಲ.

"ಬೆಲ್ಟ್ ಹೋಗೇತಿ," ಅಂದ ಒಬ್ಬ.

"ಬೆಲ್ಟ್ ಅಲ್ರಿ, ಬೇರಿಂಗ್. ಬೇರಿಂಗ್ ಹೋದ್ರ ಹಿಂಗಾ ಒದರ್ತೈತಿ."

"ಗ್ರೀಸ್ ಹಾಕಿದ್ದೇನಪಾ?"

"ಹ್ವಾದ ವಾರ ಹಾಕೇನ್ರಿ," ಅಂದ ಮೈದುನ, ಒಳಗಿನಿಂದಲೇ, ಅಳುವ ದನಿಯಲ್ಲಿ.

ಸಪ್ಪಳ ಏರುತ್ತಲೇ ಇತ್ತು. ಕಂಡಕ್ಟರ್ ಎಂಜಿನ್ನನ್ನು ನೋಡಿದ, ಮೈದುನನನ್ನು ನೋಡಿದ, ಮತ್ತೆ ಎಂಜಿನ್ನನ್ನು ನೋಡಿದ. "ಅಲ್ಲೋ ಮಾರಾಯ, ಬಂದ್ ಮಾಡೀದಿ. ಬಂದ್ ಮಾಡಿದ್ದು ಹೆಂಗ ಒದರಾಕತ್ತೇತಿ?"

ಎಲ್ಲರೂ ಬಂದಾದ ಎಂಜಿನ್ನನ್ನು ದಿಟ್ಟಿಸಿದರು. ಅದು ಚೀರುತ್ತಲೇ ಇತ್ತು. ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಚೀಲಗಳ ಮೇಲೆ ಕೂತಿದ್ದ ನಾನು ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಕ್ಕನ ಮಗ ಕೂತಲ್ಲೇ ಕುಗ್ಗಿ ಕುಗ್ಗಿ ಟೂಲ್ ಪೆಟ್ಟಿಗೆಯಷ್ಟಾದ. ಅಷ್ಟರಲ್ಲಿ ಚೀರು ತುಸು ಇಳಿಯಿತು, ಅದರ ಅಡಿಯಿಂದ, ದೂರದಿಂದ ಕರೆದಂತೆ, ಒಂದು ಹೆಣ್ಣುದನಿ ಬಂತು.

ಮೈದುನ ಬಾನೆಟ್ಟಿನೊಳಗಿಂದ ತಲೆ ಹೊರಗೆ ತೆಗೆದ. ಮೂಗಿಗೆ ಮಸಿ ಹತ್ತಿತ್ತು. ನಿಧಾನವಾಗಿ ಮೇಲಿನ ಸ್ಪೀಕರ್ ಕಡೆ ನೋಡಿದ.

"ಇದು ಹಾಡ ಐತೋ ಬ್ರೇಕ್‌ಡೌನ್ ಐತೋ, ಮೊದಲ ಅದನ್ನ ಹೇಳ್ರಿ," ಅಂದ ಕಂಡಕ್ಟರ್. "ನಾ ಡಿಪೋಕ್ಕ ಏನಂತ ಹೇಳ್ಲಿ? ಹಾಡಿನ ಸಂಬಂಧ ಲೇಟ್ ಆತು ಅಂತ ಹೇಳ್ಲ್ಯಾ?"

ಜನ ನಕ್ಕರು. ಆ ನಗುವಿನ ನಡುವೆ ಬಸ್ಸಿನ ಕಿಟಕಿಯಿಂದ ಒಬ್ಬ ಮುದುಕಿ ತಲೆ ಹೊರಗೆ ಹಾಕಿದರು. ಮಡಿಲಲ್ಲಿ ಸಂತೆಯ ಚೀಲ, ಕಿವಿಯ ಹಿಂದೆ ಅಂಗೈ. "ಯಪ್ಪಾ, ಗದ್ಲಾ ಮಾಡಬ್ಯಾಡ್ರಿ. ಅದರಾಗ ಒಂದ ಹುಡುಗಿ ಏನೋ ಹೇಳಾಕತ್ತೇತಿ. ಆಕೀಗಿ ಹೇಳಾಕರ ಬಿಡ್ರಿ."

ಮತ್ತೆ ಗಿಟಾರು ಮೇಲೆದ್ದು ದನಿಯನ್ನು ನುಂಗಿತು. ಮುದುಕಿ ಇನ್ನೂ ಸ್ವಲ್ಪ ಹೊತ್ತು ಕಿವಿಗೆ ಕೈ ಹಿಡಿದು ಕಾಯ್ದರು. "ಹ್ವಾತು," ಅಂತ ತಲೆ ಒಳಗೆಳೆದುಕೊಂಡರು.

ನಾನು ಪಕ್ಕಕ್ಕೆ ನೋಡಿದೆ. ಸವಣೂರಿನವಳು ಶೇಂಗಾದ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು. ಕೆಳಗೆ ಅಕ್ಕನ ಮಗ ಆ ಕಿಟಕಿಯನ್ನೇ ನೋಡುತ್ತಿದ್ದ. ಅವನ ಹಟದ ಮುಖ ಅವನು ಹುಟ್ಟಿದಾಗಿನಿಂದ ನನಗೆ ಗೊತ್ತು. ಅದು ಈಗ ಇರಲಿಲ್ಲ.

ಆದರೂ ಹಿರೇಕೆರೂರು ಮುಟ್ಟುವಷ್ಟರಲ್ಲಿ ತುಸು ತಿರುಗಿ ಬಂದಿತ್ತು. ಚೀಲ ಇಳಿಸುವಾಗ ಅವನು ಹುಡುಗಿಗೆ, "ಏನರ ಅನ್ನು, ಒಂದ ಟ್ರ್ಯಾಕ್ಟರ್, ಒಂದ ಬಸ್ಸು ನಿಲ್ಲಿಸ್ತು ಹಾಡು," ಅಂದ.

"ನಿಂತರು. ಕೇಳಲಿಲ್ಲ," ಅಂದಳು ಅವಳು. ಸೀನಿದಳು.

ಮೈದುನನ ತೀರ್ಪು ಸಂಜೆ ನಮ್ಮ ಹಿತ್ತಲಿನಲ್ಲಿ ಆಯಿತು. ಅದಕ್ಕೂ ಮೊದಲು ನಮ್ಮ ಮನೆಯವರು ಬಾಗಿಲಲ್ಲೇ ಅವನನ್ನು ತಡೆದು, ಯಾವ ಆತುರವೂ ಇಲ್ಲದೆ, "ಏನ ತಮ್ಮಾ, ಮೋಟರ್ ಚಾಲೂ ಇತ್ತೋ ಬಂದ್ ಇತ್ತೋ?" ಅಂತ ವಿಚಾರಿಸಿದರು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಆ ಬಸ್ಸಿನಲ್ಲಿ ನಮ್ಮ ಓಣಿಯವರೂ ಒಬ್ಬರಿದ್ದರು. ಮೈದುನ ಉತ್ತರ ಕೊಡದೆ ಒಳಗೆ ಬಂದು ಮೂಗು ತೊಳೆದುಕೊಂಡ.

"ನಾ ಹಾಡ ಬದ್ಲಿ ಮಾಡ್ಲಿಲ್ಲ," ಅಂದ ಆಮೇಲೆ. "ಮಾಡಾಕ ನಾ ಸೀಟಿನ ಮ್ಯಾಲ ಇರಲಿಲ್ಲ. ಹಿಂಗಾಗಿ ಯಾರೂ ಗೆದ್ದಿಲ್ಲ. ನಂದ ಒಂದ ಮಾತ: ಮೊದಲ ಆಕೀ ದನಿ ಬರ್ಲಿ, ಇದು ಹಾಡು ಅಂತ ಗೊತ್ತಾಗ್ಲಿ. ಆಮ್ಯಾಲ ನೀವು ಎಂಜಿನ್ ಸುಟ್ರೂ ನಾ ಕೆಳಗಿಳಿಯಂಗಿಲ್ಲ."

"ಅಂದ್ರ ಸಪ್ಪಳ ಕಡಿಮಿ ಮಾಡ್ಲ್ಯಾ?" ಅಂದ ಅಕ್ಕನ ಮಗ. ಆ ಮಾತಿನಲ್ಲಿ ಸೋಲು ಇತ್ತು. ನನಗೂ ಕೆಡುಕೆನಿಸಿತು. ಮಳೆಗಾಲ ಪೂರ್ತಿ ಅವನು ಆ ಚೀರನ್ನು ಸಾಕಿದ್ದ.

ಆಗ ದುಂಡಸಿಯವನು ಬಾಯಿ ತೆರೆದ, ಈ ಸಲ ಊಟಕ್ಕಲ್ಲ. "ಕಡಿಮಿ ಯಾಕ ಮಾಡ್ತಿ? ನಿಲ್ಲಸು."

"ನಿಲ್ಲಸೂದೇ?"

"ಮದವಿಯೊಳಗ ನಾವು ಎಷ್ಟ ಜೋರ ಬಾರಿಸ್ತೇವಿ, ನೋಡೀಯಲ್ಲ. ಮದಿಮಗಳು ಗಂಡನ ಹೆಸರು ಹೇಳೂಮುಂದ ಒಡಪು ಹಾಕ್ತಾಳಲ್ಲ, ಆವಾಗ ಯಾರರ ಕೈ ಎತ್ತತಾರ. ನಾವು ಸಣ್ಣಗ ಬಾರಿಸಂಗಿಲ್ಲ. ಪೂರ್ತಿ ನಿಲ್ಲಸ್ತೇವಿ. ಮುದುಕ್ರು, ಹುಡುಗ್ರು ಎಲ್ಲಾ ಕಿವಿ ಹಚ್ಚತಾರ. ಆಕಿ ಹೆಸರು ಹೇಳಿದ ಮ್ಯಾಲ ಶುರು ಮಾಡ್ತೇವಿ ನೋಡು, ಮೊದಲಿನಕಿಂತ ದುಪ್ಪಟ್ಟು. ಆ ದುಪ್ಪಟ್ಟಿಗೆ ಯಾರೂ ಬೈಯಂಗಿಲ್ಲ."

ಇಷ್ಟು ಹೇಳಿ ಅವನು ಮತ್ತೆ ರೊಟ್ಟಿಯ ಕಡೆ ತಿರುಗಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಅಕ್ಕನ ಮಗ ಗಿಟಾರು ತಗೊಂಡು ಒಮ್ಮೆ ಬಾರಿಸಿ, ತಂತಿಗೆ ಅಂಗೈ ಒತ್ತಿ ನಿಲ್ಲಿಸಿ ನೋಡಿದ. ಕೊನೆಗೆ ಹುಡುಗಿಗೆ, "ನಾಳೆ ಸ್ಟುಡಿಯೊಕ್ಕ ರಜಾ ಹಾಕ್ತೀಯೇನು?" ಅಂದ. ಅವಳು ಅವತ್ತು ನಮ್ಮಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಚೀಲಗಳ ಮೇಲಿನ ಗಾಳಿ, ಜೋಳದ ಧೂಳು ಎರಡೂ ಸೇರಿ ಅವಳ ಮೂಗು ಕಟ್ಟಿತ್ತು. ಗಾಳಿ ಅರ್ಧ ನಿನಗಿರಲಿ ಅಂತ ಹಾಡಿದವಳಿಗೆ ಇಡೀ ಗಾಳಿ ಸಿಕ್ಕಿತ್ತು ಅನ್ನಿ. ನಾಡಿದ್ದು ಮಾಡೋಣ ಅಂದರು ನಮ್ಮ ಮನೆಯವರು. "ನಾಡಿದ್ದು ಅನ್ನೂದ್ರೊಳಗ ಇಂವನ ಮನಸು ಹೊಳ್ಳತೈತಿ," ಅಂದಳು ಅವಳು. "ಈಗಾ ಆಗ್ಲಿ. ಅಷ್ಟ ಸಪ್ಪಳದಾಗ ನೆಗಡಿ ಯಾರಿಗೆ ಗೊತ್ತಾಕ್ಕೈತಿ?"

ಭಟ್ಟಿಯ ಬಾಗಿಲು ಹಾಕಿಕೊಂಡು ರೆಕಾರ್ಡಿಂಗಿಗೆ ಕೂತರು. ನಾನು ಹೊರಗೆ ಮಸಾಲಿಖಾರ ಒಣಹಾಕುತ್ತ ಕೂತಿದ್ದೆ. ಮೊದಲು ಬರಿ ದನಿ ಬಂತು, ಯಾವ ವಾದ್ಯವೂ ಇಲ್ಲದೆ: ಕಿಟಕಿ ಸೀಟು ನನಗಿರ್ಲಿ. ಆಮೇಲೆ ಗಿಟಾರು ಏರಿತು. ಮೊದಲಿಗಿಂತ ಹೆಚ್ಚೇ ಏರಿತು. ನನ್ನ ಕೈಬಳೆಗಳು ತಾವಾಗಿಯೇ ಅಲುಗಿದವು. ಇನ್ನು ಸಾಕು ಅನ್ನುವ ಹೊತ್ತಿಗೆ ಅದು ಗಪ್ಪನೆ ನಿಂತಿತು. ಓಣಿಯೇ ನಿಂತ ಹಾಗೆ ಆಯಿತು. ಆ ಖಾಲಿಯಲ್ಲಿ ಅವಳು ಎರಡನೆಯ ಸಾಲನ್ನು ಹೇಳಿದಳು. ಮತ್ತೆ ದುಪ್ಪಟ್ಟು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ ಹಾಡಾಕತ್ತಾಳ ಆಕಿ, ಗಾಳಿ ಅರ್ಧಾ ನಿನಗಿರ್ಲಿ ಅಂತೇನು?" ಅಂದಳು. ಹೌದು ಅಂದೆ. "ಅಲ್ರಿ, ಬಸ್ಸಿನಾಗ ಎಲ್ಲಾರೂ ಹಿಂಗಂದ್ರ ಜಗಳಾನ ಆಗಂಗಿಲ್ಲ ನೋಡ್ರಿ," ಅಂದು ಹೋದಳು.

ಜರಡಿ ಹಿಡಿದರೋ ಇಲ್ಲವೋ ನನಗೆ ತಿಳಿಯದು. ಹಲ್ಲಿಗೆ ಮರಳಂತೂ ಸಿಗುತ್ತದೆ.

ಆಲ್ಬಮ್ ಹೊರಗೆ ಬಂತು. ಹೊರಗೆ ಅಂದರೆ ಫೋನಿನೊಳಗೆ. ಯಾರೋ ದೂರದ ಊರಿನವರು ಕೇಳಿ ಎರಡು ಮಾತು ಬರೆದರಂತೆ. ಅಕ್ಕನ ಮಗ ಅದನ್ನು ಊಟದ ಹೊತ್ತಿಗೆಲ್ಲ ಓದಿ ಹೇಳಿದ. ಮೈದುನ ತನ್ನ ಟ್ರ್ಯಾಕ್ಟರಿನಲ್ಲಿ ಆ ಒಂದು ಹಾಡನ್ನು ಇಟ್ಟುಕೊಂಡ, ಏರು ಬಂದಾಗ ಮಾತ್ರ ಹಾಕುತ್ತಿರಲಿಲ್ಲ. ಸವಣೂರಿನಿಂದ ಮಾತ್ರ ಏನೂ ಸುದ್ದಿ ಇರಲಿಲ್ಲ. ಅವ್ವಗ ಕೇಳಿಸಿದೆಯೇನು ಅಂತ ಕೇಳಿದರೆ ಹುಡುಗಿ, "ಫೋನಿನಾಗ ಬ್ಯಾಡ ಚಿಗವ್ವ. ಛಲೋ ಪೆಟ್ಟಿಗಿಯೊಳಗ ಕೇಳಿಸ್ಬೇಕು," ಅಂತ ಮುಂದೂಡುತ್ತಿದ್ದಳು. ಪೆಟ್ಟಿಗೆಯ ನೆಪ ಅದು. ಅವಳಿಗೆ ಹೆದರಿಕೆ ಅಂತ ನನಗೆ ಗೊತ್ತಿತ್ತು. ನಮ್ಮ ಮನೆಯವರು, "ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಬರ್ಲಿ ತಡಿ," ಅನ್ನುತ್ತಿದ್ದರು.

ಚಳಿ ಕಳೆದು ಬಿಸಿಲು ಶುರುವಾದ ಮೇಲೆ ಒಂದು ಭಾನುವಾರ ಅವಳ ಅವ್ವ ಅವಳ ಜೊತೆಗೇ ಬಸ್ಸಿಳಿದು ಬಂದರು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು. "ಮಗಳು ಉಂಡ ಮನಿ ಅಕ್ಕಾರ, ಬರಿಗೈಲೆ ಬರಬಾರದಂತ ತಂದೆ," ಅಂದು ನನ್ನ ಕೈಗೆ ಕೊಟ್ಟರು. ಭಟ್ಟಿಯಲ್ಲಿ ಗೋಣಿಚೀಲದ ಮೇಲೆ ಕೂಡಿಸಿದೆವು. ಅಕ್ಕನ ಮಗ ಹಾಡು ಹಚ್ಚಿದ. ಹುಡುಗಿ ಬಾಗಿಲ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು.

ಅವರು ಕಣ್ಣು ಮುಚ್ಚಿ ಕೇಳಿದರು. ಗಿಟಾರು ಏರಿದಾಗ ಒಮ್ಮೆ ಸೆರಗು ಸರಿ ಮಾಡಿಕೊಂಡರು, ಅಷ್ಟೇ. ಸಪ್ಪಳ ನಿಂತಿತು, ಎರಡನೆಯ ಸಾಲು ಬಂತು. ಅವರು ಕಣ್ಣು ತೆರೆದು ಮಗಳ ಕಡೆ ತಿರುಗಿದರು.

"ನಿನಗ ಆವಾಗ ನೆಗಡಿ ಆಗಿತ್ತು," ಅಂದರು.

ಬಾಗಿಲಲ್ಲಿದ್ದ ಹುಡುಗಿ ಒಳಗೆ ತಿರುಗಿದಳು. ಹಾಡು ಮುಗಿದ ಮೇಲೆ ಅವರು ಎದ್ದು ನನ್ನ ಜೊತೆ ಅಡುಗೆಮನೆಗೆ ಬಂದರು. ಕಟ್ಟಿನಿಂದ ನಾಲ್ಕು ಎಲೆ ತೆಗೆದು, ಮೆಣಸು ಕೇಳಿ ತಗೊಂಡು, ನಮ್ಮ ಒಲೆಯ ಮೇಲೆ ಕಷಾಯ ಕುದಿಸಿದರು. ನೆಗಡಿ ಹೋಗಿ ತಿಂಗಳುಗಳಾಗಿದ್ದವು. ಹುಡುಗಿ ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು.